ಹೊಸ ಲಾರಿ ಡ್ರೈವರ್‌ಗೆ ಅನುಭವ ಅಂತ ಯಾವುದನ್ನು ಎಣಿಸಬೇಕು?

ನಮ್ಮ ಸದಸ್ಯರ ಮನೆಗಳಲ್ಲಿ ಮಗ್ಗ ನಡೆಸುವವರಿದ್ದಾರೆ, ಶಿರೋಲಿ ಮತ್ತು ಗೋಕುಲ ಶಿರಗಾವದ ಫೌಂಡ್ರಿಗಳಿಗೆ ಹೋಗುವವರಿದ್ದಾರೆ, ಕಬ್ಬು ಬೆಳೆಯುವವರಿದ್ದಾರೆ. ಈ ಮೂರೂ ಕಸುಬಿನ ಮಾಲು ಕೊನೆಗೆ ಏರುವುದು ಲಾರಿಗೆ. ಹಾಗಾಗಿ ಪ್ರತಿ ಓಣಿಯಲ್ಲೂ ಒಬ್ಬಿಬ್ಬರು ಡ್ರೈವರ್‌ಗಳು ಇದ್ದೇ ಇದ್ದಾರೆ, ಡ್ರೈವರ್ ಆಗಬೇಕೆನ್ನುವ ಹುಡುಗರು ಅದಕ್ಕಿಂತ ಹೆಚ್ಚು.

ಆ ಹುಡುಗರಲ್ಲಿ ಒಬ್ಬ ಈಚೆಗೆ ನಮ್ಮ ಹಿರಿಯ ಸದಸ್ಯರೊಬ್ಬರ ಮುಂದೆ ಕುಳಿತು ಹೇಳಿದ ಮಾತು ಇದು: "ಕಾಕಾ, ಹೆವಿ ಲೈಸನ್ಸ್ ಬಂದು ಎರಡ ವರ್ಷ ಆತು. ಯಾರ ಕಡೆ ಹೋದ್ರೂ ಅನುಭವ ಎಷ್ಟು ಅಂತ ಕೇಳ್ತಾರ. ಗಾಡೀನ ಕೊಡದಿದ್ರ ನಾ ಅನುಭವ ಎಲ್ಲಿಂದ ತರ್ಲಿ?" ಕಾಕಾ ಮೂವತ್ತು ವರ್ಷ ಗಾಡಿ ಹೊಡೆದವರು. ಅವರು ತಿರುಗಿ ಕೇಳಿದ್ದು ಒಂದೇ: "ತಮ್ಮಾ, ಎರಡ ವರ್ಷದಾಗ ಲೋಡ್ ಗಾಡಿ ತಗೊಂಡು ಎಷ್ಟ ಸಲ ಘಾಟ್ ಇಳದೀ?" ಹುಡುಗನ ಬಳಿ ಉತ್ತರ ಇರಲಿಲ್ಲ.

ಹುಡುಗನ ಸಂಕಟ ನಿಜ, ಕಾಕಾ ಕೇಳಿದ ಪ್ರಶ್ನೆಯೂ ಸರಿ. ಕೆಲಸ ಹುಡುಕುವ ಹುಡುಗರು, ಅವರ ತಂದೆತಾಯಿ, ಒಂದೆರಡು ಗಾಡಿ ಇಟ್ಟುಕೊಂಡ ನಮ್ಮ ಸಣ್ಣ ಮಾಲಕರು ಈ ಮೂವರಿಗೂ ಉಪಯೋಗ ಆಗಲಿ ಎಂದು ವಿಷಯವನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ. ಇಟ್ಟುಕೊಳ್ಳಿ, ಬೇಕಾದವರಿಗೆ ಕಳಿಸಿ.

ಕಾಗದದ ಲೆಕ್ಕ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾರು, ಜೀಪಿಗೆ 18 ವರ್ಷ ತುಂಬಿರಬೇಕು, ಬಾಡಿಗೆ ಅಥವಾ ಸರಕಿನ ಗಾಡಿಗೆ, ಅಂದರೆ ಟ್ರಾನ್ಸ್‌ಪೋರ್ಟ್ ವಾಹನಕ್ಕೆ, 20 ತುಂಬಿರಬೇಕು. ಲಘು ವಾಹನದ ಲೈಸನ್ಸ್ ಪಡೆದು ಕನಿಷ್ಠ ಒಂದು ವರ್ಷ ಆಗದೆ ಟ್ರಾನ್ಸ್‌ಪೋರ್ಟಿನ ಲರ್ನರ್ ಲೈಸನ್ಸ್ ಕೊಡುವುದಿಲ್ಲ. ಅದರ ಜೊತೆಗೆ ಡಾಕ್ಟರ ಪ್ರಮಾಣಪತ್ರ ಮತ್ತು ಡ್ರೈವಿಂಗ್ ಸ್ಕೂಲಿನ ಫಾರ್ಮ್ 5 ಬೇಕು. ಎಂಟನೆಯ ತರಗತಿ ಪಾಸಾಗಿರಬೇಕು ಎಂಬ ಹಳೆಯ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ. ಇದು ಇನ್ನೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ಸಾಲಿ ಬಿಟ್ಟ ಹುಡುಗರು ಸುಮ್ಮನೆ ಹಿಂದೆ ಸರಿಯುತ್ತಿದ್ದಾರೆ. ಲೈಸನ್ಸನ್ನು ಯಾವ ರಾಜ್ಯದಲ್ಲಿ ತೆಗೆಸಿದ್ದರೂ ಅದು ಇಡೀ ದೇಶಕ್ಕೆ ನಡೆಯುತ್ತದೆ. ಕೊಲ್ಹಾಪುರದ್ದು ಮೇಲು, ಚಿಕ್ಕೋಡಿಯದ್ದು ಕೀಳು ಎಂಬುದೇನೂ ಇಲ್ಲ.

ಈ ಲೆಕ್ಕದಲ್ಲಿ "ಒಂದು ವರ್ಷ" ಅಂದರೆ ಲಘು ವಾಹನದ ಲೈಸನ್ಸ್ ಕಿಸೆಯಲ್ಲಿದ್ದ ಒಂದು ವರ್ಷ. ಆ ವರ್ಷದಲ್ಲಿ ಕಾರು ಓಡಿಸಿದ್ದೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಡ್ರೈವಿಂಗ್ ಸ್ಕೂಲಿನ ತರಬೇತಿ ದೊಡ್ಡ ವಾಹನಕ್ಕೆ 30 ದಿನ, ಅದರಲ್ಲಿ ಸ್ಟಿಯರಿಂಗ್ ಹಿಡಿಯುವ ಹೊತ್ತು 15 ಗಂಟೆ. 2021ರ ಜುಲೈಯಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ಹೊಸ ವ್ಯವಸ್ಥೆ ಬಂದಿದೆ, ಅಲ್ಲಿ ದೊಡ್ಡ ವಾಹನಕ್ಕೆ ಆರು ವಾರದಲ್ಲಿ ಪಾಠ, ಅಭ್ಯಾಸ ಎರಡೂ ಸೇರಿ 38 ಗಂಟೆ. ಇದು ಹಿಂದಿನದಕ್ಕಿಂತ ಒಳ್ಳೆಯದು. ಆದರೂ 38 ಗಂಟೆ ಅಂದರೆ ಕಬನೂರಿನಿಂದ ನೂಲು ತರಲು ಕೊಯಮತ್ತೂರಿಗೆ ಹೋಗಿ ಬರುವ ಒಂದೇ ಒಂದು ಟ್ರಿಪ್ಪಿನಷ್ಟು.

ಇನ್ನೊಂದು ಸಂಗತಿ ಇದೆ. ಮೊದಲು ಮಧ್ಯಮ ಸರಕು ವಾಹನ, ಭಾರಿ ಸರಕು ವಾಹನ ಎಂದು ಲೈಸನ್ಸಿನಲ್ಲಿ ಬೇರೆ ಬೇರೆ ವರ್ಗಗಳಿದ್ದವು. 1994ರ ತಿದ್ದುಪಡಿಯಲ್ಲಿ ಅವನ್ನೆಲ್ಲ "ಟ್ರಾನ್ಸ್‌ಪೋರ್ಟ್ ವಾಹನ" ಎಂಬ ಒಂದೇ ಹೆಸರಿನ ಕೆಳಗೆ ತಂದರು. ಒಟ್ಟು ತೂಕ 18.5 ಟನ್ ಬರುವ ಆರು ಗಾಲಿಯ ಲಾರಿಯೂ 28.5 ಟನ್ನಿನ ಹತ್ತು ಗಾಲಿಯೂ ಕಾಯ್ದೆಯ ಕಣ್ಣಿಗೆ ಒಂದೇ. ಮಾಲಕರಿಗೆ ಒಂದೇ ಅಲ್ಲ. ಅದಕ್ಕೇ ಕಾರ್ಡ್ ನೋಡಿದ ಮೇಲೂ ಅವರು ಪ್ರಶ್ನೆ ಕೇಳುತ್ತಾರೆ. ಇದನ್ನು ಅವಮಾನ ಎಂದು ತಿಳಿಯಬೇಡಿ.

ಕ್ಲೀನರ್ ಆಗಿ ಕಳೆದ ವರ್ಷಗಳು

ನಮ್ಮ ಕಡೆ ಹೆಚ್ಚಿನ ಡ್ರೈವರ್‌ಗಳು ತಯಾರಾದದ್ದು ಯಾವ ಸ್ಕೂಲಿನಲ್ಲೂ ಅಲ್ಲ, ಪಕ್ಕದ ಸೀಟಿನಲ್ಲಿ. ಕೊಲ್ಹಾಪುರದ ತಾಲೀಮಿನಲ್ಲಿ ವಸ್ತಾದ ಇದ್ದ ಹಾಗೆ ಗಾಡಿಯಲ್ಲಿ ಡ್ರೈವರ್, ಪಟ್ಟದ ಹುಡುಗನ ಹಾಗೆ ಕ್ಲೀನರ್. ಗ್ಲಾಸು ಒರೆಸುವುದು, ಟೈರಿಗೆ ಬಡಿದು ಹವಾ ನೋಡುವುದು, ಹಿಂದೆ ತೆಗೆಯುವಾಗ ಕೆಳಗಿಳಿದು ಕೂಗುವುದು, ತಾಡಪತ್ರಿ ಕಟ್ಟುವುದು, ರಾತ್ರಿ ಡ್ರೈವರ್‌ಗೆ ನಿದ್ದೆ ಬಾರದಂತೆ ಮಾತಾಡುತ್ತ ಕೂರುವುದು. ಈ ವರ್ಷಗಳನ್ನು ಅನುಭವ ಎಂದು ಎಣಿಸಬೇಕೇ?

ಎಣಿಸಬೇಕು. ಕ್ಲೀನರ್ ಆಗಿದ್ದ ಹುಡುಗನಿಗೆ ದಾರಿ ಗೊತ್ತು, ಮಾಲು ಗೊತ್ತು. ಗಾಡಿ ಹೊರಡುವ ಮೊದಲು ಸುತ್ತ ಒಂದು ಸಲ ಬಂದು ನೋಡುವುದು ಅವನಿಗೆ ಕಲಿಸಿ ಬರುವ ಪಾಠ ಅಲ್ಲ, ಮೈಗೆ ಹತ್ತಿದ ಅಭ್ಯಾಸ. ನೇರವಾಗಿ ಲೈಸನ್ಸ್ ತೆಗೆಸಿ ಬಂದವನಿಗೆ ಇದು ಬರಲು ವರ್ಷಗಳು ಬೇಕು. ಆದರೆ ಸ್ಟಿಯರಿಂಗ್ ಹಿಂದಿನ ವರ್ಷ ಎಂದು ಅದನ್ನು ಹೇಳಬಾರದು. ಎರಡನ್ನೂ ಬೇರೆ ಬೇರೆ ಹೇಳಿದರೆ ಮಾಲಕರಿಗೆ ನಂಬಿಕೆ ಬರುತ್ತದೆ. "ಐದು ವರ್ಷ ಕ್ಲೀನರ್, ಒಂದು ವರ್ಷ ಡ್ರೈವರ್" ಎಂಬ ಮಾತಿಗೆ "ಆರು ವರ್ಷದ ಅನುಭವ" ಎಂಬ ಮಾತಿಗಿಂತ ಹೆಚ್ಚು ಬೆಲೆ ಇದೆ.

ಇದರಲ್ಲಿ ಒಂದು ಕೆಟ್ಟ ಪದ್ಧತಿಯೂ ಸೇರಿಕೊಂಡಿದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ರಾತ್ರಿ ಎರಡು ಗಂಟೆಗೆ ಡ್ರೈವರ್ ದಣಿದಾಗ, ರಸ್ತೆ ಖಾಲಿ ಇದೆ ಎಂದು ಲೈಸನ್ಸ್ ಇಲ್ಲದ ಕ್ಲೀನರ್ ಕೈಗೆ ಲೋಡ್ ಗಾಡಿ ಕೊಟ್ಟು ಮಲಗುವುದು. "ಹಂಗs ಕಲಿಯೋದು" ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ನಮಗೆ ಪರಿಚಯದ ಮನೆಯ ಹುಡುಗನೊಬ್ಬ ಹೀಗೆ ಓಡಿಸುತ್ತಿದ್ದಾಗ ಕಬ್ಬಿನ ಸೀಸನ್ನಿನಲ್ಲಿ, ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರಾಲಿಗೆ ಹೋಗಿ ಗುದ್ದಿದ. ಜೀವಕ್ಕೆ ಏನೂ ಆಗಲಿಲ್ಲ, ಪುಣ್ಯ. ಆದರೆ ತಪ್ಪು ಟ್ರಾಲಿಯದ್ದೋ ಲಾರಿಯದ್ದೋ ಎಂಬ ಮಾತೇ ಬರಲಿಲ್ಲ, ಲೈಸನ್ಸ್ ಇಲ್ಲ ಎಂಬುದೊಂದೇ ಮುಂದೆ ಬಂತು. ಹುಡುಗನ ಮೇಲೆ ಕೇಸು, ಮಾಲಕರ ಮೇಲೆ ಕೇಸು, ಗಾಡಿ ತಿಂಗಳುಗಟ್ಟಲೆ ಠಾಣೆಯ ಅಂಗಳದಲ್ಲಿ. ಲೈಸನ್ಸ್ ಇಲ್ಲದೆ ಓಡಿಸಿದವನಿಗೂ ಓಡಿಸಲು ಬಿಟ್ಟ ಮಾಲಕನಿಗೂ 2019ರ ತಿದ್ದುಪಡಿಯ ನಂತರ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದು ಸಣ್ಣದು. ದೊಡ್ಡದು ವಿಮೆ. ಇಂಥ ಪ್ರಕರಣಗಳಲ್ಲಿ ವಿಮಾ ಕಂಪನಿ ಗಾಯಗೊಂಡವರಿಗೆ ಹಣ ಕೊಟ್ಟರೂ ಅದನ್ನು ಮಾಲಕರಿಂದ ತಿರುಗಿ ವಸೂಲು ಮಾಡಲು ಆದೇಶ ಪಡೆಯಬಹುದು. ಒಂದೇ ಗಾಡಿಯ ಮಾಲಕರಾದರೆ ಮನೆ ಮಾರುವ ಮಾತು.

ಹಾಗಾದರೆ ಪಕ್ಕದ ಸೀಟಿನಿಂದ ಕಾನೂನಿನ ಪ್ರಕಾರ ಕಲಿಯುವ ದಾರಿಯೇ ಇಲ್ಲವೇ? ಇದೆ, ಬಹಳ ಜನ ಬಳಸುವುದಿಲ್ಲ ಅಷ್ಟೆ. ಟ್ರಾನ್ಸ್‌ಪೋರ್ಟ್ ವಾಹನದ ಲರ್ನರ್ ಲೈಸನ್ಸ್ ಆರು ತಿಂಗಳು ನಡೆಯುತ್ತದೆ. ಆ ಅವಧಿಯಲ್ಲಿ ಮುಂದೆ ಹಿಂದೆ 'ಎಲ್' ಬೋರ್ಡ್ ಹಾಕಿ, ಪೂರ್ಣ ಲೈಸನ್ಸ್ ಇರುವ ಡ್ರೈವರ್ ಪಕ್ಕದಲ್ಲಿ ಎಚ್ಚರವಾಗಿ ಕುಳಿತು, ಬೇಕೆಂದಾಗ ಗಾಡಿ ನಿಲ್ಲಿಸುವಂತಿದ್ದರೆ ಹುಡುಗ ಓಡಿಸಬಹುದು. ಆದರೆ ಪಾಲಿಸಿ ಓದಿಕೊಳ್ಳಿ. ಸರಕು ಗಾಡಿಗಳ ಪಾಲಿಸಿಯ ಚಾಲಕರ ಷರತ್ತಿನಲ್ಲಿ, ಲರ್ನರ್ ಇರುವವರು ಓಡಿಸುವುದು ಗಾಡಿಯಲ್ಲಿ ಸರಕು ಸಾಗಿಸದೆ ಇರುವಾಗ ಮಾತ್ರ ಎಂದು ಬರೆದಿರುತ್ತದೆ. ಅಂದರೆ ಖಾಲಿ ಗಾಡಿ. ಮಾಲು ಇಳಿಸಿ ಖಾಲಿ ತಿರುಗಿ ಬರುವಾಗ, ಹಗಲಿನಲ್ಲಿ, ವಸ್ತಾದ ಎಚ್ಚರವಿದ್ದಾಗ ಕಲಿತದ್ದು ಕಾನೂನಿಗೂ ಸರಿ, ಕೈಗೂ ಒಳ್ಳೆಯದು.

ವರ್ಷ ಬಿಡಿ, ಘಾಟ್ ಹೇಳಿ

ಈಗ ಕಾಕಾನ ಪ್ರಶ್ನೆಗೆ ಬರೋಣ. ಅವರು ಘಾಟಿನ ಬಗ್ಗೆಯೇ ಏಕೆ ಕೇಳಿದರು?

ನಮ್ಮ ಊರು ಕೃಷ್ಣಾ ಪಂಚಗಂಗೆಯ ಬಯಲಿನಲ್ಲಿದೆ. ಕಬನೂರಿನಿಂದ ಇಚಲಕರಂಜಿ, ಹುಪರಿ, ಹಾತಕಣಂಗಲೆ ಎಲ್ಲ ಸಮನಾದ ರಸ್ತೆ. ಇಲ್ಲಿ ಐದು ವರ್ಷ ಓಡಿಸಿದರೂ ಬ್ರೇಕಿನ ನಿಜವಾದ ಪರೀಕ್ಷೆ ಆಗುವುದಿಲ್ಲ. ಆದರೆ ಊರು ಬಿಟ್ಟು ಯಾವ ದಿಕ್ಕಿಗೆ ಹೋದರೂ ಇಳಿಜಾರು ಕಾದಿರುತ್ತದೆ. ಬೆಳಗಾವಿಯ ಕಡೆ ಹೋದರೆ ನಿಪ್ಪಾಣಿ ದಾಟಿದ ಕೂಡಲೇ ತವಂದಿ ಘಾಟ್. ಗಡಹಿಂಗ್ಲಜದವರು ಆಜರಾ ಮೇಲೆ ಗೋವಾಕ್ಕೆ ಹೊರಟರೆ ಆಂಬೋಲಿ, ಮಳೆಗಾಲದಲ್ಲಿ ಹಗಲಿಗೇ ಲೈಟು ಹಾಕಬೇಕಾದಷ್ಟು ಮಂಜು. ರತ್ನಾಗಿರಿಗೆ ಆಂಬಾ ಘಾಟ್. ಪುಣೆ, ಭಿವಂಡಿ ಕಡೆಗೆ ಖಂಬಾಟಕಿಯ ಸುರಂಗ ದಾಟಿದ ಮೇಲಿನ ತಿರುವು, ಆಮೇಲೆ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗೆ ಉದ್ದಕ್ಕೆ ಇಳಿಯುವ ರಸ್ತೆ.

ಈ ಕೊನೆಯದು ನಮ್ಮ ಬಟ್ಟೆಯ ಗಾಡಿಗಳ ನಿತ್ಯದ ದಾರಿ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಹಿಡಿತ ತಪ್ಪಿದ ಒಂದು ಭಾರಿ ವಾಹನ ನಲವತ್ತಕ್ಕೂ ಹೆಚ್ಚು ವಾಹನಗಳಿಗೆ ಬಡಿಯಿತು. ಟಿವಿಯಲ್ಲಿ ನೋಡಿದ್ದು ನಿಮಗೂ ನೆನಪಿರಬಹುದು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಇಂಜಿನ್ ಬಂದ್ ಮಾಡಿ ಗಾಡಿ ಬಿಟ್ಟದ್ದು ಕಾರಣ ಎಂದು ಪ್ರಾಥಮಿಕ ತನಿಖೆಯ ನಂತರ ಸುದ್ದಿ ಬಂತು.

ನ್ಯೂಟ್ರಲ್ ಹಾಕಿ ಇಳಿಸುವುದು ಹೊಸಬರು ಮಾಡುವ ತಪ್ಪಲ್ಲ, ಹಳಬರು ಕಲಿಸುವ ತಪ್ಪು. ಡೀಸೆಲ್ ಉಳಿಸಿ ಆ ದುಡ್ಡು ಕಿಸೆಗೆ ಹಾಕಿಕೊಳ್ಳುವ ಕಾಲದಿಂದ ಬಂದದ್ದು. ಕ್ಲೀನರ್ ಹುಡುಗ ಅದನ್ನೇ ಜಾಣತನ ಎಂದು ಕಲಿಯುತ್ತಾನೆ, ಹತ್ತು ವರ್ಷ ಅದನ್ನೇ ಮಾಡುತ್ತಾನೆ, ಹತ್ತು ವರ್ಷದ ಅನುಭವ ಎನ್ನುತ್ತಾನೆ. ಹೀಗೆ ತಪ್ಪು ಅಭ್ಯಾಸಕ್ಕೂ ವರ್ಷ ತುಂಬುತ್ತದೆ. ಎಷ್ಟು ವರ್ಷ ಎಂಬ ಪ್ರಶ್ನೆ ಒಂದರಿಂದಲೇ ಏನೂ ತಿಳಿಯದು ಎಂದು ನಾವು ಹೇಳುವುದು ಇದಕ್ಕೇ.

ಏನು ನಡೆಯುತ್ತದೆ ಎಂದು ಹುಡುಗರಿಗೆ ಬಿಡಿಸಿ ಹೇಳಿ. ಲಾರಿಯ ಬ್ರೇಕ್ ಹವಾದ ಮೇಲೆ ನಡೆಯುತ್ತದೆ. ಹವಾ ತುಂಬುವ ಕಂಪ್ರೆಸರ್ ಓಡುವುದು ಇಂಜಿನ್ನಿನಿಂದ. ಇಂಜಿನ್ ಬಂದ್ ಮಾಡಿದರೆ ಟ್ಯಾಂಕಿನಲ್ಲಿ ಇದ್ದಷ್ಟೇ ಹವಾ, ಪ್ರತಿ ಸಲ ಬ್ರೇಕ್ ತುಳಿದಾಗ ಅದು ಕಡಿಮೆಯಾಗುತ್ತದೆ, ತುಂಬುವವರಿಲ್ಲ. ಪವರ್ ಸ್ಟಿಯರಿಂಗ್ ಕೂಡ ಕಲ್ಲಾಗುತ್ತದೆ. ಇಂಜಿನ್ ಚಾಲೂ ಇಟ್ಟು ಬರೀ ನ್ಯೂಟ್ರಲ್ ಹಾಕಿದರೂ ಇಡೀ ತೂಕವನ್ನು ತಡೆಯುವ ಕೆಲಸ ಬ್ರೇಕ್ ಲೈನರ್ ಒಂದರ ಮೇಲೇ ಬೀಳುತ್ತದೆ. ಲೈನರ್ ಕಾದು ವಾಸನೆ ಬರತೊಡಗಿದ ಮೇಲೆ ಪೆಡಲ್ ಎಷ್ಟು ತುಳಿದರೂ ಗಾಡಿ ಹಿಡಿಯುವುದಿಲ್ಲ. ಬ್ರೇಕ್ ಫೇಲ್ ಎಂದು ಪೇಪರಿನಲ್ಲಿ ಬರುವುದರಲ್ಲಿ ಎಷ್ಟೋ ಸಲ ಒಡೆದದ್ದು ಮುರಿದದ್ದು ಏನೂ ಇರುವುದಿಲ್ಲ, ಕಾದು ಸೋತ ಬ್ರೇಕ್ ಇರುತ್ತದೆ.

ಉಳಿತಾಯದ ಮಾತೂ ಈಗ ಸುಳ್ಳು. ಈಗಿನ ಇಂಜಿನ್‌ಗಳಲ್ಲಿ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟು ಇಳಿದರೆ ಡೀಸೆಲ್ ಹೋಗುವುದು ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇರಲು ಡೀಸೆಲ್ ಬೇಕೇ ಬೇಕು. ಅಂದರೆ ನ್ಯೂಟ್ರಲ್ ಹಾಕಿದವನದೇ ಹೆಚ್ಚು ಖರ್ಚು.

ಯಾವ ಗೇರಿನಲ್ಲಿ ಏರಿದಿಯೋ ಅದೇ ಗೇರಿನಲ್ಲಿ ಇಳಿ ಎಂಬುದು ಹಳಬರ ಒಳ್ಳೆಯ ಪಾಠ. ಶಕ್ತಿ ಹೆಚ್ಚಿರುವ ಹೊಸ ಗಾಡಿಗಳಲ್ಲಿ ಅದಕ್ಕಿಂತ ಒಂದು ಗೇರ್ ಕಡಿಮೆ ಇಟ್ಟರೂ ತಪ್ಪಿಲ್ಲ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಬೇಕು, ವೇಗ ಏರಿದ ಮೇಲೆ ಗೇರ್ ಸಿಗುವುದಿಲ್ಲ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದನ್ನು ಬಳಸಬೇಕು. ಬ್ರೇಕನ್ನು ಒತ್ತಿ ಹಿಡಿದೇ ಇಳಿಯದೆ, ಗಟ್ಟಿಯಾಗಿ ತುಳಿದು ವೇಗ ಇಳಿಸಿ ಬಿಡಬೇಕು. ಇದನ್ನು ಓದಿದರೆ ತಿಳಿಯುತ್ತದೆ, ಬರುವುದು ಮಾತ್ರ ಲೋಡ್ ಗಾಡಿಯಲ್ಲಿ ಹಳಬರ ಜೊತೆ ಕುಳಿತು ಹತ್ತಿಪ್ಪತ್ತು ಸಲ ಇಳಿದ ಮೇಲೆ. ಆ ಹತ್ತಿಪ್ಪತ್ತು ಸಲವನ್ನು ನಾವು ಅನುಭವ ಎನ್ನುತ್ತೇವೆ. ಲೈಸನ್ಸ್ ಕಿಸೆಯಲ್ಲಿದ್ದ ಎರಡು ವರ್ಷ ಅದರ ಮುಂದೆ ಏನೂ ಅಲ್ಲ.

ಮಾಲಿನ ಅನುಭವ

ಘಾಟಿನ ನಂತರ ಮಾಲು. ಒಬ್ಬ ಡ್ರೈವರ್ ಮೂರು ವರ್ಷ ಬಟ್ಟೆಯ ತಾಗಾ ಹೊತ್ತು ಭಿವಂಡಿಗೆ ಹೋಗಿ ಬಂದಿದ್ದಾನೆ ಅನ್ನಿ. ಬಟ್ಟೆ ಅಲುಗಾಡುವುದಿಲ್ಲ, ಆದರೆ ಎತ್ತರ ಏರಿಸುತ್ತಾರೆ, ಗಾಡಿಯ ತಲೆ ಭಾರ, ತಿರುವಿನಲ್ಲಿ ಓಲಾಡುತ್ತದೆ. ಮಳೆಗೆ ತಾಡಪತ್ರಿ ಸೋರಿದರೆ ಅಷ್ಟೂ ಮಾಲು ಹಾಳು, ಅದರ ಹೊಣೆಯನ್ನು ಡ್ರೈವರ್ ತಲೆಗೇ ಕಟ್ಟುತ್ತಾರೆ. ಅದೇ ಮನುಷ್ಯನಿಗೆ ನಾಳೆ ಶಿರೋಲಿಯಿಂದ ಕಾಸ್ಟಿಂಗ್ ತುಂಬಿಕೊಟ್ಟರೆ ಲೆಕ್ಕ ಬೇರೆ. ನೋಡಲು ಅರ್ಧ ಗಾಡಿಯೂ ತುಂಬಿರುವುದಿಲ್ಲ, ಕಾಟಾದ ಮೇಲೆ ನಿಂತರೆ ಪೂರ್ತಿ ತೂಕ. ಕಬ್ಬಿಣ ಜಾರಿದರೆ ಕ್ಯಾಬಿನ್ ಒಳಗೇ ಬರುತ್ತದೆ. ಸೈಜಿಂಗ್‌ನಿಂದ ಮಗ್ಗಕ್ಕೆ ಬೀಮ್ ಒಯ್ಯುವ ಟೆಂಪೊದವರನ್ನು ಕೇಳಿ, ಉರುಳುವ ಮಾಲಿಗೆ ಎರಡೂ ಕಡೆ ಗುಟ್ಟಾ ಇಡದೆ ಹೊರಡಬಾರದು ಎಂದು ಅವರು ಹೇಳುತ್ತಾರೆ.

ಹಾಲಿನ ಟ್ಯಾಂಕರ್ ಎಲ್ಲಕ್ಕಿಂತ ಬೇರೆ. ತುಂಬಿದ ಟ್ಯಾಂಕರ್‌ಗಿಂತ ಅರ್ಧ ತುಂಬಿದ್ದು ಅಪಾಯ. ಬ್ರೇಕ್ ಹಾಕಿ ಗಾಡಿ ನಿಂತ ಮೇಲೆ ಒಳಗಿನ ಹಾಲು ಮುಂದಕ್ಕೆ ಬಂದು ತಳ್ಳುತ್ತದೆ, ತಿರುವಿನಲ್ಲಿ ಒಂದು ಬದಿಗೆ ಏರುತ್ತದೆ. ಹತ್ತು ವರ್ಷ ಚೀಲದ ಮಾಲು ಹೊತ್ತವನಾದರೂ ಟ್ಯಾಂಕರ್‌ಗೆ ಹೊಸಬನೇ. ಪೆಟ್ರೋಲ್, ಗ್ಯಾಸ್, ರಾಸಾಯನಿಕದಂಥ ಅಪಾಯಕಾರಿ ಸರಕಿಗೆ ಬರೀ ಟ್ರಾನ್ಸ್‌ಪೋರ್ಟ್ ಲೈಸನ್ಸ್ ಸಾಲದು, ಪ್ರತ್ಯೇಕ ತರಬೇತಿಯ ಪ್ರಮಾಣಪತ್ರ ಬೇಕು. ಅದರ ನಿಯಮದಲ್ಲಿ ಡ್ರೈವರ್‌ಗೆ ಸಂವಿಧಾನದ ಎಂಟನೆಯ ಅನುಸೂಚಿಯ ಒಂದು ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು ಎಂದಿದೆ. ಕನ್ನಡ ಆ ಅನುಸೂಚಿಯಲ್ಲಿದೆ. ನಮ್ಮ ಕನ್ನಡ ಸಾಲಿಯಲ್ಲಿ ಓದಿದ ಹುಡುಗರು ಮರಾಠಿ ಬರವಣಿಗೆ ಅಷ್ಟು ಬಾರದು ಎಂದು ಇದರಿಂದ ಹಿಂದೆ ಸರಿಯಬೇಕಾಗಿಲ್ಲ. ಇಂಗ್ಲಿಷ್ ಮಾತ್ರ ಗಟ್ಟಿ ಮಾಡಿಕೊಳ್ಳಲಿ.

ಖಾಲಿ ಗಾಡಿಯ ಬಗ್ಗೆಯೂ ಒಂದು ಮಾತು. ಖಾಲಿ ಇದ್ದಾಗ ಓಡಿಸುವುದು ಸುಲಭ ಎಂದು ಹೊಸಬರು ತಿಳಿದಿರುತ್ತಾರೆ. ಒದ್ದೆ ರಸ್ತೆಯಲ್ಲಿ ಖಾಲಿ ಲಾರಿಯ ಹಿಂದಿನ ಗಾಲಿಗಳು ಬೇಗ ಲಾಕ್ ಆಗಿ ಜಾರುತ್ತವೆ. ಮೊದಲ ಮಳೆಗೆ ಹೆದ್ದಾರಿಯಲ್ಲಿ ಅಡ್ಡ ತಿರುಗಿ ನಿಂತ ಖಾಲಿ ಗಾಡಿಗಳನ್ನು ನೀವೂ ನೋಡಿರುತ್ತೀರಿ.

ಸ್ಟಿಯರಿಂಗ್ ಬಿಟ್ಟು ಉಳಿದದ್ದು

ಜಿಎಸ್‌ಟಿ ಬರುವ ಮೊದಲು, ಅಂದರೆ 2017ರ ಜುಲೈಗೆ ಮೊದಲು, ರಾಜ್ಯದ ಗಡಿಯ ಚೆಕ್‌ಪೋಸ್ಟಿನಲ್ಲಿ ತೆರಿಗೆಯ ಕಾಗದ ಹಿಡಿದು ಸಾಲು ನಿಲ್ಲುವುದೇ ಗಡಿ ಭಾಗದ ಡ್ರೈವರ್‌ನ ಅರ್ಧ ಅನುಭವ ಆಗಿತ್ತು. ಈಗ ಆ ಸಾಲು ಇಲ್ಲ, ಮೊಬೈಲಿನಲ್ಲಿ ಇ-ವೇ ಬಿಲ್ ಇದೆ. 50,000 ರೂಪಾಯಿ ದಾಟಿದ ಮಾಲಿಗೆ ಅದು ಬೇಕು, 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಗಾಡಿ ನಂಬರ್ ಬದಲಿಸಬೇಕು. ಇದನ್ನು ಆಫೀಸಿನವರು ಮಾಡುತ್ತಾರೆ ಎಂದು ಬಿಡಬೇಡಿ. ಅವಧಿ ಮುಗಿದ ಬಿಲ್ ಹಿಡಿದು ರಸ್ತೆಯಲ್ಲಿ ನಿಲ್ಲುವವರು ಡ್ರೈವರ್.

ಹೆಚ್ಚು ಮಾಲು ತುಂಬಿದಾಗ ಬೇಡ ಎನ್ನುವುದೂ ಕಲಿಯಬೇಕಾದ ವಿದ್ಯೆ. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ದಂಡ ಮಾಲಕರು ಕಟ್ಟಬಹುದು, ಘಾಟಿನಲ್ಲಿ ಆ ತೂಕ ಹಿಡಿಯಬೇಕಾದವನು ಡ್ರೈವರ್. ಹೊಸಬನಿಗೆ ಹೀಗೆ ಹೇಳುವ ಧೈರ್ಯ ಇರುವುದಿಲ್ಲ, ಕೆಲಸ ಹೋಗುತ್ತದೆ ಎಂಬ ಭಯ. ಆ ಭಯ ಅರ್ಥವಾಗುವಂಥದೇ. ಅದಕ್ಕೇ ಈ ಮಾತನ್ನು ಹುಡುಗರಿಗಿಂತ ನಮ್ಮ ಮಾಲಕ ಸದಸ್ಯರು ಮೊದಲು ಕೇಳಿಸಿಕೊಳ್ಳಲಿ.

ನಿದ್ದೆಯದೂ ಹಾಗೇ. "ಕೊಯಮತ್ತೂರಿಂದ ಒಂದs ಹೊಡತಕ್ಕ ಬಂದೆ" ಎಂದು ಹೇಳುವುದು ನಮ್ಮಲ್ಲಿ ಶೌರ್ಯ. ದಿನಕ್ಕೆ ಎಂಟು ಗಂಟೆ, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಪಾಲಿಸಿದವರು ಎಷ್ಟು ಜನ ಎಂದು ಕೇಳಬೇಡಿ. ರಾತ್ರಿ ಎರಡರಿಂದ ಬೆಳಗಿನ ಐದರ ಹೊತ್ತಿನಲ್ಲಿ ಕಣ್ಣು ಎಳೆದಾಗ ಢಾಬಾದ ಬದಿಗೆ ನಿಲ್ಲಿಸಿ ಒಂದು ತಾಸು ಮಲಗಿದವನು, ಮಾಲಕನ ಫೋನಿಗೆ ನಿಜ ಹೇಳಿದವನು ಅನುಭವಿ.

ಹೊರಗಿನವರು ಹೇಗೆ ಎಣಿಸುತ್ತಾರೆ

ಯುರೋಪಿನ ದೇಶಗಳಲ್ಲಿ ಲಾರಿ ಓಡಿಸಿ ಸಂಬಳ ಪಡೆಯಲು ಲೈಸನ್ಸಿನ ಜೊತೆಗೆ ಇನ್ನೊಂದು ಅರ್ಹತೆ ಬೇಕು. ಅದರ ಪೂರ್ಣ ತರಬೇತಿ 280 ಗಂಟೆ, ಬೇಗ ಮುಗಿಸುವ ದಾರಿ 140 ಗಂಟೆ. ಆಶ್ಚರ್ಯ ಎಂದರೆ 280ರಲ್ಲಿ ಒಬ್ಬೊಬ್ಬರೂ ಸ್ವತಃ ಓಡಿಸಲೇಬೇಕಾದದ್ದು 20 ಗಂಟೆ, 140ರಲ್ಲಿ 10 ಗಂಟೆ. ಉಳಿದದ್ದು ಮಾಲು ಕಟ್ಟುವುದು, ಬ್ರೇಕಿನ ಮಿತಿ, ವಿಶ್ರಾಂತಿಯ ನಿಯಮ, ಕಾಗದಪತ್ರ. ಮೇಲೆ ಐದು ವರ್ಷಕ್ಕೊಮ್ಮೆ 35 ಗಂಟೆಯ ಮರುಪಾಠ, ಮೂವತ್ತು ವರ್ಷದ ಹಳಬರಿಗೂ ಇದು ತಪ್ಪದು. ಅಮೆರಿಕದಲ್ಲಿ 2022ರ ಫೆಬ್ರುವರಿಯಿಂದ ಹೊಸಬರಿಗೆ ತರಬೇತಿ ಕಡ್ಡಾಯ ಮಾಡಿದರು. ಅಲ್ಲಿ ಕೇಂದ್ರದ ನಿಯಮದಲ್ಲಿ ಇಷ್ಟೇ ಗಂಟೆ ಎಂದು ಇಲ್ಲ, ಪಟ್ಟಿಯಲ್ಲಿರುವ ಪ್ರತಿಯೊಂದು ಕೆಲಸ ಬರುತ್ತದೆ ಎಂದು ಕಲಿಸಿದವರು ಒಪ್ಪಬೇಕು. ನಮ್ಮ ಕಾಕಾ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಅನುಭವ ಕಟ್ಟಿಕೊಳ್ಳುವುದು, ತೋರಿಸುವುದು

ಲಘು ವಾಹನದ ಲೈಸನ್ಸ್ ಇದ್ದವರು ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿ ಓಡಿಸಬಹುದು ಎಂಬುದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ. ವಿಮೆಯವರೊಡನೆ ಇದ್ದ ಹಳೆಯ ತಕರಾರು ಇದರಿಂದ ಬಗೆಹರಿಯಿತು. ಆದ್ದರಿಂದ 20 ತುಂಬಿದ ಹುಡುಗ ಮೊದಲು ಊರೊಳಗಿನ ಟೆಂಪೊ, ಪಿಕಪ್ ಹಿಡಿಯಲಿ. ಇಚಲಕರಂಜಿಯ ಸಂದಿಗಳಲ್ಲಿ ಬೀಮ್ ಹೊತ್ತು, ಮಗ್ಗದ ಶೆಡ್ಡಿನ ಬಾಗಿಲಿಗೆ ಹಿಂದೆ ತೆಗೆದವನಿಗೆ ಕನ್ನಡಿ ನೋಡುವುದನ್ನು ಬೇರೆ ಕಲಿಸಬೇಕಿಲ್ಲ. ಆಮೇಲೆ ಆರು ಗಾಲಿ, ಆಮೇಲೆ ಹತ್ತು. ನೇರವಾಗಿ ಹದಿನಾಲ್ಕು ಗಾಲಿಗೆ ಹಾರುವ ಆಸೆ ಬೇಡ.

ಒಂದು ನೂರು ಪುಟದ ವಹಿ ತೆಗೆದುಕೊಳ್ಳಿ. ಪ್ರತಿ ಟ್ರಿಪ್ಪಿಗೆ ಒಂದು ಸಾಲು ಸಾಕು: ತಾರೀಖು, ಗಾಡಿ ನಂಬರ್ ಮತ್ತು ಎಷ್ಟು ಗಾಲಿ, ಎಲ್ಲಿಂದ ಎಲ್ಲಿಗೆ, ಏನು ಮಾಲು, ಎಷ್ಟು ಟನ್, ಜೊತೆಗೆ ಯಾರಿದ್ದರು, ಸ್ವತಃ ಎಷ್ಟು ಕಿಲೋಮೀಟರ್ ಓಡಿಸಿದೆ, ಯಾವ ಘಾಟ್, ರಾತ್ರಿಯೋ ಹಗಲೋ, ಏನು ತಪ್ಪಾಯಿತು. ಕೊನೆಯದನ್ನು ಬಿಡಬೇಡಿ. ತಿಂಗಳಿಗೊಮ್ಮೆ ಮಾಲಕರ ಸಹಿ ಹಾಕಿಸಿ. ಕೆಲಸ ಬಿಡುವಾಗ ಲೆಟರ್‌ಹೆಡ್ಡಿನ ಮೇಲೆ ಪತ್ರ ಕೇಳಿ, ಅದರಲ್ಲಿ "ಒಳ್ಳೆಯ ಹುಡುಗ" ಎಂಬುದಕ್ಕಿಂತ ಯಾವ ಗಾಡಿ, ಯಾವ ದಾರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಇರಲಿ. ಪಗಾರ ಬ್ಯಾಂಕಿಗೆ ಬಂದರೆ ಅದೇ ಇನ್ನೊಂದು ಸಾಕ್ಷಿ. ಲೈಸನ್ಸ್ ನಂಬರ್ ಹಾಕಿ ಇ-ಚಲನ್ ನೋಡುವ ಸೌಲಭ್ಯ ಇದೆ, ಮಾಲಕರು ನೋಡುವ ಮೊದಲು ನೀವೇ ನೋಡಿಕೊಳ್ಳಿ.

ಮಾಲಕ ಸದಸ್ಯರಿಗೆ ನಮ್ಮ ವಿನಂತಿ: ಅನುಭವ ಇಲ್ಲ ಎಂದು ಎಲ್ಲರೂ ತಿರುಗಿಸಿ ಕಳಿಸಿದರೆ, ಹುಡುಗರು ಸುಳ್ಳು ವರ್ಷ ಹೇಳಲು ಕಲಿಯುತ್ತಾರೆ. ಲೈಸನ್ಸ್ ಇರುವ ಹೊಸಬನನ್ನು ಮೂರು ತಿಂಗಳು ಹಳಬರ ಜೊತೆ ಎರಡನೆಯ ಡ್ರೈವರ್ ಆಗಿ ಹಾಕಿ, ಭತ್ತೆ ಕೊಡಿ. ಆ ಹಳಬರು ಘಾಟ್ ಹೇಗೆ ಇಳಿಸುತ್ತಾರೆ ಎಂಬುದನ್ನು ಮಾತ್ರ ಮೊದಲು ನೀವು ಕುಳಿತು ನೋಡಿ.

ಮೇಲೆ ಹೇಳಿದ ಹುಡುಗ ಈಗ ಕಬನೂರಿನಲ್ಲೇ ಒಂದು ಟೆಂಪೊದ ಮೇಲೆ ಇದ್ದಾನೆ. ವಹಿಯಲ್ಲಿ ಹನ್ನೊಂದು ಪುಟ ತುಂಬಿದೆ. ಸಹಿ ಹಾಕುವ ಮಾಲಕರು ಮೊದಮೊದಲು ನಗುತ್ತಿದ್ದರಂತೆ, ಈಗ "ತಪ್ಪು" ಎಂಬ ಕಾಲಂ ಮಾತ್ರ ಓದಿ ಸಹಿ ಹಾಕುತ್ತಾರೆ. ಅವನ ವಹಿಯ ಮಾದರಿ ಪುಟವೊಂದನ್ನು ಸಂಘದಲ್ಲಿ ಇಟ್ಟಿದ್ದೇವೆ, ಬೇಕಾದವರು ಬಂದು ನೋಡಿಕೊಂಡು ಬರೆದುಕೊಳ್ಳಬಹುದು.